ಸಿಡಿಲಿಗೆ ರೂಟರ್ ಕೆಟ್ಟ ಮೇಲೆ: ಮನೆಯ ಬ್ರಾಡ್‌ಬ್ಯಾಂಡಿಗೆ ತಂತಿ ರೂಟರಿನ ಆಯ್ಕೆ

ಬೇಸಗೆಯ ಕೊನೆಯ ಗುಡುಗು ಮಳೆಯಲ್ಲೊಮ್ಮೆ, ತುಲಾ ಮಾಸದ ಸಂಜೆ ಮಳೆಯಲ್ಲಿ ಮತ್ತೊಮ್ಮೆ ಕಾಸರಗೋಡಿನ ಕೆಂಪುಕಲ್ಲಿನ ಗುಡ್ಡಗಳಿಗೆ ಸಿಡಿಲು ಬರುವುದು ಹೊಸತಲ್ಲ. ಹಿಂದೆ ಅದು ತೆಂಗಿನ ಮರವನ್ನೋ ಸ್ಥಿರ ದೂರವಾಣಿಯನ್ನೋ ಕೆಡಿಸುತ್ತಿತ್ತು. ಈಗ ಚಾವಡಿಯ ಗೋಡೆಗೆ ತೂಗುಹಾಕಿದ ಬ್ರಾಡ್‌ಬ್ಯಾಂಡ್ ಪೆಟ್ಟಿಗೆಯೇ ಮೊದಲು ಕೆಡುತ್ತದೆ. ಮರುದಿನ ಪೇಟೆಗೆ ಹೋಗಿ ಅಂಗಡಿಯಲ್ಲಿ ಸಿಕ್ಕಿದ ರೂಟರನ್ನು ತಂದು, ಅದು ತಮ್ಮ ಸಂಪರ್ಕಕ್ಕೆ ಹೊಂದದೆ ವಾರಗಟ್ಟಲೆ ಕಾಯುವವರು ನಮ್ಮ ಓದುಗರಲ್ಲಿ ಅನೇಕರು. ಯಾವುದನ್ನು, ಏಕೆ, ಏನನ್ನು ಕೇಳಿಕೊಂಡು ಕೊಳ್ಳಬೇಕೆಂಬುದನ್ನು ಒಂದೆಡೆ ಬರೆದಿಡುವುದು ಈ ಲೇಖನದ ಉದ್ದೇಶ.

ಗಡಿಯಾಚೆ ನೆಲೆಸಿದ ಕನ್ನಡದ ಮನೆಗಳಿಗೆ ಈ ಸಂಪರ್ಕ ಕಡಿದರೆ ಆಗುವ ನಷ್ಟ ಸ್ವಲ್ಪ ಬೇರೆ ಬಗೆಯದು. 2020ರ ಜೂನ್ 1ರಂದು ಕೇರಳದಲ್ಲಿ ಕೈಟ್ ವಿಕ್ಟರ್ಸ್ ಮೂಲಕ ಮನೆಪಾಠ ಆರಂಭವಾದಾಗ ಕನ್ನಡ ಮಾಧ್ಯಮದ ಮಕ್ಕಳು ತಮ್ಮ ಭಾಷೆಯ ಪಾಠಗಳಿಗೆ ಹೆಚ್ಚಾಗಿ ಅಂತರಜಾಲವನ್ನೇ ನಂಬಬೇಕಾಯಿತು. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರೆಂಬ ಅರ್ಹತೆಯಡಿ ಅರ್ಜಿ ಹಾಕುವ ವಿದ್ಯಾರ್ಥಿಗಳು ಅರ್ಜಿಯನ್ನೂ ಕಾಲೇಜುಗಳ ಆಯ್ಕೆಯನ್ನೂ ಅಂತರಜಾಲದಲ್ಲೇ ದಾಖಲಿಸಬೇಕು. ಆಯ್ಕೆಯ ಗಡುವು ಮಳೆಗಾಲಕ್ಕೆ ಬಂದರೆ ಮುಗಿಯಿತು. ಅದು ಸಿಡಿಲಿನ ಲೆಕ್ಕ ಕೇಳುವುದಿಲ್ಲ.

ಒಂದು ಪೆಟ್ಟಿಗೆ, ಮೂರು ಕೆಲಸ

ಫೈಬರ್ ಸಂಪರ್ಕ ಕೊಡುವವರು ಇಂದು ಸಾಮಾನ್ಯವಾಗಿ ಒಂದೇ ಪೆಟ್ಟಿಗೆಯನ್ನು ಅಳವಡಿಸುತ್ತಾರೆ. ಜನ ಅದನ್ನು ಮೋಡೆಮ್ ಎನ್ನುತ್ತಾರೆ. ಅದರೊಳಗೆ ಮೂರು ಕೆಲಸಗಳಿವೆ. ಗಾಜಿನ ಎಳೆಯಲ್ಲಿ ಬಂದ ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವುದು ಮೊದಲನೆಯದು. ಈ ಭಾಗಕ್ಕೆ ಒಎನ್‌ಟಿ ಎಂದು ಹೆಸರು. ಕಂಪನಿಯ ಜಾಲಕ್ಕೂ ಮನೆಯೊಳಗಿನ ಜಾಲಕ್ಕೂ ನಡುವೆ ನಿಂತು ಬಂದದ್ದನ್ನು ಹಂಚುವ, ಬಾರದಿರಬೇಕಾದ್ದನ್ನು ತಡೆಯುವ ರೂಟರಿನ ಕೆಲಸ ಎರಡನೆಯದು. ವೈಫೈ ಹರಡುವುದು ಮೂರನೆಯದು. ಮೂರೂ ಒಂದೇ ಕವಚದಲ್ಲಿರುವುದರಿಂದ ಒಂದಕ್ಕೆ ಪೆಟ್ಟು ಬಿದ್ದರೆ ಮೂರೂ ನಿಲ್ಲುತ್ತವೆ.

ಬದಲಿ ಕೊಳ್ಳುವಾಗ ಮತ್ತೆ ಅಂಥದೇ ಮೂರರ ಪೆಟ್ಟಿಗೆಯನ್ನು ತರಬೇಡಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಒಎನ್‌ಟಿ ಕಂಪನಿಯದೇ ಇರಲಿ. ಅದರ ಹಿಂದೆ ನಮ್ಮದೇ ಆದ, ವೈಫೈ ಇಲ್ಲದ ಒಂದು ತಂತಿ ರೂಟರ್ ಇರಲಿ. ವೈಫೈ ಬೇಕಾದ ಕೋಣೆಗೆ ಮಾತ್ರ ತಂತಿ ಎಳೆದು ಅಲ್ಲೊಂದು ಚಿಕ್ಕ ವೈಫೈ ಪೆಟ್ಟಿಗೆ ಇಡೋಣ. ಹೀಗೆ ಮಾಡಿದರೆ ಸಿಡಿಲಿಗೆ ಕೆಟ್ಟ ಭಾಗವನ್ನಷ್ಟೇ ಬದಲಿಸಬಹುದು. ನಮ್ಮ ಊರಿನ ಮನೆಗಳಿಗೆ ಇದರಿಂದ ಇನ್ನೊಂದು ಲಾಭವೂ ಉಂಟು: ಒಂದಡಿ ದಪ್ಪದ ಕೆಂಪುಕಲ್ಲಿನ ಗೋಡೆಯನ್ನು ವೈಫೈ ಸುಲಭವಾಗಿ ದಾಟಲಾರದು. ಚಾವಡಿಯಲ್ಲಿ ಎಷ್ಟೇ ಆಂಟೆನಾಗಳ ಪೆಟ್ಟಿಗೆ ಇಟ್ಟರೂ ಒಳಕೋಣೆಗೆ ತಲುಪುವುದು ಸೊರಗಿದ ಸಂಕೇತವೇ. ಅಂಥ ಮನೆಯಲ್ಲಿ ಆಂಟೆನಾಗಳನ್ನು ಹೆಚ್ಚಿಸುವುದಕ್ಕಿಂತ ಒಂದು ತಂತಿ ಎಳೆಯುವುದು ಮೇಲು.

ಕೊಳ್ಳುವ ಮೊದಲು

ಕೆಟ್ಟದ್ದು ರೂಟರೇ ಹೌದೇ ಎಂದು ಖಚಿತಪಡಿಸಿಕೊಳ್ಳದೆ ಹಣ ತೆಗೆಯಬಾರದು. ಒಎನ್‌ಟಿಯ ಮೇಲೆ ಪಿಒಎನ್ ಎಂಬ ದೀಪ ಹಸಿರಾಗಿ ಸ್ಥಿರವಾಗಿ ಉರಿಯಬೇಕು. ಎಲ್‌ಒಎಸ್ ಎಂಬ ಕೆಂಪು ದೀಪ ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲವೆಂದು ಅರ್ಥ. ಎಲ್ಲೋ ಅಡಿಕೆಮರ ಬಿದ್ದು ತಂತಿ ತುಂಡಾಗಿರಬಹುದು, ಇಲಿ ಕಡಿದಿರಬಹುದು. ಹೊಸ ರೂಟರಿನಿಂದ ಅದು ಸರಿಹೋಗದು. ದುರಸ್ತಿಗೆ ಬಂದವರ ಬಳಿ ಬೆಳಕಿನ ಮಾಪಕ ಇರುತ್ತದೆ. ಅಂಕಿ ಎಷ್ಟೆಂದು ಕೇಳಿ. ಮನೆಗಳಲ್ಲಿ ಸಾಮಾನ್ಯವಾಗಿ ಬಳಸುವ ಜಿಪಿಒಎನ್ ಉಪಕರಣಗಳಿಗೆ ಮೈನಸ್ 27 ಡಿಬಿಎಂ ಕೊನೆಯ ಮಿತಿ. ಮೈನಸ್ 20ರ ಆಸುಪಾಸಿನಲ್ಲಿದ್ದರೆ ನೆಮ್ಮದಿ. ಮೈನಸ್ 26 ಎಂದರೆ ಇಂದು ನಡೆದರೂ ನಾಳೆ ನಿಲ್ಲಬಹುದಾದ ಸಂಪರ್ಕ, ಜೋಡಣೆಗಳನ್ನು ಸರಿಮಾಡಿಸಿಕೊಳ್ಳಲೇಬೇಕು.

ದೀಪಗಳೇ ಉರಿಯುತ್ತಿಲ್ಲವಾದರೆ ಮೊದಲು ಅಡಾಪ್ಟರನ್ನು ಅನುಮಾನಿಸಿ. ಸಿಡಿಲಿನಲ್ಲಿ ಪೆಟ್ಟಿಗೆ ಉಳಿದು ಅಡಾಪ್ಟರ್ ಮಾತ್ರ ಸಾಯುವುದು ಬಹಳ ಸಾಮಾನ್ಯ. ಪೆಟ್ಟಿಗೆಯ ಅಡಿಯಲ್ಲಿ ಬರೆದ ವೋಲ್ಟೇಜಿನಷ್ಟೇ ವೋಲ್ಟೇಜ್, ಅಷ್ಟೇ ಅಥವಾ ಹೆಚ್ಚಿನ ಆಂಪಿಯರ್, ಅದೇ ಪಿನ್ ಗಾತ್ರ ಮತ್ತು ಧ್ರುವ ಇರುವ ಬೇರೊಂದು ಅಡಾಪ್ಟರ್ ಹಾಕಿ ನೋಡಿದರೆ ಹಲವು ಸಲ ಸಮಸ್ಯೆ ಅಲ್ಲಿಗೇ ತೀರುತ್ತದೆ.

ಕಂಪನಿಯಿಂದ ಬರೆಸಿಕೊಳ್ಳಬೇಕಾದ ವಿವರ

ಇಡೀ ವಿಷಯದಲ್ಲಿ ಜನ ಎಡವುವುದು ಇಲ್ಲಿಯೇ. ಆದುದರಿಂದ ಇದನ್ನು ಸಾವಧಾನವಾಗಿ ಹೇಳುತ್ತೇವೆ.

ಬಿಎಸ್‌ಎನ್‌ಎಲ್ ಫೈಬರ್ ಸೇರಿದಂತೆ ಅನೇಕ ಸಂಪರ್ಕಗಳು ಪಿಪಿಪಿಒಇ ಎಂಬ ಪದ್ಧತಿಯಲ್ಲಿ ನಡೆಯುತ್ತವೆ. ಪ್ರತಿ ಗ್ರಾಹಕನಿಗೆ ಒಂದು ಬಳಕೆದಾರ ಹೆಸರು, ಒಂದು ಗುಪ್ತಪದ. ಅವುಗಳನ್ನು ಒಪ್ಪಿಸಿದ ಮೇಲೆಯೇ ಕಂಪನಿಯ ಜಾಲ ಬಾಗಿಲು ತೆರೆಯುತ್ತದೆ. ಇದರ ಜೊತೆಗೆ ವಿಲ್ಯಾನ್ ಸಂಖ್ಯೆ ಎಂಬುದೊಂದಿದೆ. ಒಂದೇ ಗಾಜಿನ ಎಳೆಯಲ್ಲಿ ಅಂತರಜಾಲ, ದೂರವಾಣಿ ಮುಂತಾದವು ಬೇರೆ ಬೇರೆ ಸಾಲುಗಳಲ್ಲಿ ಸಾಗುವಂತೆ ಮಾಡುವ ಗುರುತು ಅದು. ಈ ಸಂಖ್ಯೆ ಊರಿಂದ ಊರಿಗೆ ಬದಲಾಗುತ್ತದೆ. ಪಕ್ಕದ ಮನೆಯ ಪುಸ್ತಕದಿಂದ ನಕಲು ಮಾಡಿದರೆ ಹೊಂದಲೂಬಹುದು, ಹೊಂದದಿರಲೂಬಹುದು. ಈ ಮೂರರಲ್ಲಿ ಒಂದು ತಪ್ಪಿದರೂ ಅತ್ಯುತ್ತಮ ರೂಟರ್ ಕೂಡ ಸುಮ್ಮನೆ ಕುಳಿತಿರುತ್ತದೆ. ಅಂಗಡಿಯವರನ್ನು ಬೈದು ಫಲವಿಲ್ಲ.

ನಾಲ್ಕನೆಯದಾಗಿ, ಒಎನ್‌ಟಿಯನ್ನು ಬ್ರಿಡ್ಜ್ ಸ್ಥಿತಿಗೆ ಹಾಕಿಕೊಡಲು ಕೇಳಬೇಕು. ಆಗ ಅದು ತನ್ನೊಳಗಿನ ರೂಟರನ್ನು ನಿದ್ರೆಗೆ ಕಳುಹಿಸಿ, ಬೆಳಕನ್ನು ಮಾರ್ಪಡಿಸಿ ದಾಟಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಹೆಸರು, ಗುಪ್ತಪದಗಳನ್ನು ನಮ್ಮ ರೂಟರ್ ಒಪ್ಪಿಸುತ್ತದೆ. ಅದೇ ಒಎನ್‌ಟಿಯಲ್ಲಿ ದೂರವಾಣಿಯೂ ಇದ್ದರೆ ಅದನ್ನು ಮುಟ್ಟದೆ ಅಂತರಜಾಲದ ಸಾಲನ್ನು ಮಾತ್ರ ಬ್ರಿಡ್ಜ್ ಮಾಡಲು ಹೇಳಿ. ಇಲ್ಲವಾದರೆ ಅಂತರಜಾಲ ಬಂದು ದೂರವಾಣಿ ಮೌನವಾಗುತ್ತದೆ.

ಒಎನ್‌ಟಿಯನ್ನೇ ಹೊರಗಿನಿಂದ ಕೊಂಡು ತರಬಹುದೇ ಎಂದು ಕೇಳುವವರಿದ್ದಾರೆ. ಅದರ ಕ್ರಮಸಂಖ್ಯೆ ಕಂಪನಿಯ ಯಂತ್ರದಲ್ಲಿ ದಾಖಲಾಗಬೇಕು. ಆಗ ಮಾತ್ರ ಅದು ಜೀವ ತಳೆಯುತ್ತದೆ. ಸ್ಥಳೀಯ ಪ್ರತಿನಿಧಿಯ ಒಪ್ಪಿಗೆ ಮುಂಚಿತವಾಗಿ ಇಲ್ಲದಿದ್ದರೆ ಆ ಗೋಜಿಗೆ ಹೋಗಬೇಡಿ.

ಕೆಲವು ಕಂಪನಿಗಳು ಬ್ರಿಡ್ಜ್ ಮಾಡಿಕೊಡುವುದಿಲ್ಲ, ಗುಪ್ತಪದವನ್ನೂ ಕೊಡುವುದಿಲ್ಲ. ಆಗಲೂ ದಾರಿ ಮುಚ್ಚಿಲ್ಲ. ಕಂಪನಿಯ ಪೆಟ್ಟಿಗೆಯ ಲ್ಯಾನ್ ಕಿಂಡಿಯಿಂದ ನಮ್ಮ ರೂಟರಿನ ವ್ಯಾನ್ ಕಿಂಡಿಗೆ ತಂತಿ ಕೊಟ್ಟು, ವಿಳಾಸವನ್ನು ತಾನಾಗಿ ಪಡೆಯುವಂತೆ ಬಿಟ್ಟರೆ ಕೆಲಸ ನಡೆಯುತ್ತದೆ. ಆದರೆ ಎರಡೂ ಪೆಟ್ಟಿಗೆಗಳ ಒಳವಿಳಾಸದ ಸಾಲು ಒಂದೇ ಆಗಿರಕೂಡದು. ಒಂದು 192.168.1.1 ಎಂದಿದ್ದರೆ ಇನ್ನೊಂದನ್ನು 192.168.50.1 ಎಂದು ಮಾಡಿಕೊಳ್ಳಬೇಕು. ಪಾಠ ಕೇಳುವುದಕ್ಕೆ, ಚಿತ್ರ ನೋಡುವುದಕ್ಕೆ ಈ ಇಮ್ಮಡಿ ವ್ಯವಸ್ಥೆಯಿಂದ ತೊಂದರೆಯಿಲ್ಲ. ತೋಟದ ಕ್ಯಾಮೆರಾವನ್ನು ದೂರದಿಂದ ನೇರವಾಗಿ ನೋಡಬಯಸುವವರಿಗೆ ಮಾತ್ರ ತೊಡಕಾಗಬಹುದು. ಅವರು ರೂಟರಿನ ವ್ಯಾನ್ ವಿಳಾಸ 100.64ರಿಂದ 100.127ರೊಳಗೆ ಆರಂಭವಾಗುತ್ತದೆಯೇ ಎಂದೂ ನೋಡಿಕೊಳ್ಳಬೇಕು. ಹಾಗಿದ್ದರೆ ಒಂದೇ ಹೊರವಿಳಾಸವನ್ನು ಹಲವು ಮನೆಗಳಿಗೆ ಹಂಚಲಾಗಿದೆ ಎಂದು ತಿಳಿಯಬೇಕು; ಆ ತೊಡಕು ಯಾವ ರೂಟರಿನಿಂದಲೂ ನೀಗದು.

ಈ ವಿವರಗಳನ್ನು ಕೇಳುವಾಗ ಭಾಷೆ ಅಡ್ಡ ಬರುವುದುಂಟು. ಸಹಾಯವಾಣಿಯಲ್ಲಿ ಮಾತಾಡುವವರಿಗೆ, ಮನೆಗೆ ಬರುವ ಹುಡುಗನಿಗೆ ಕನ್ನಡ ಬಾರದಿರಬಹುದು. ಮನೆಯ ಹಿರಿಯರಿಗೆ ಮಲಯಾಳದ ತಾಂತ್ರಿಕ ಮಾತು ಹಿಡಿಯದಿರಬಹುದು. ಅದೃಷ್ಟಕ್ಕೆ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್, ಬ್ರಿಡ್ಜ್ ಎಂಬ ನಾಲ್ಕು ಪದಗಳು ತಲಪಾಡಿಯ ಈಚೆಗೂ ಆಚೆಗೂ, ಹೊಸೂರಿನಲ್ಲೂ ಸೊಲ್ಲಾಪುರದಲ್ಲೂ ಒಂದೇ. ಸಂಪರ್ಕ ಸರಿಯಿರುವಾಗಲೇ ಅವರಿಂದ ಅಂಕಿ-ಅಕ್ಷರ ಬರೆಸಿಕೊಂಡು, ಕರೆಂಟ್ ಬಿಲ್ಲುಗಳ ಜೊತೆ ಇಡಿ. ಸಿಡಿಲು ಹೊಡೆದ ಮರುದಿನ ಇಡೀ ಪಂಚಾಯತಿನವರು ಅದೇ ಹುಡುಗನನ್ನು ಕರೆಯುತ್ತಿರುತ್ತಾರೆ.

ಯಾವ ರೂಟರ್

ನೂರು ಎಂಬಿಪಿಎಸ್‌ಗಿಂತ ಹೆಚ್ಚಿನ ವೇಗದ ಯೋಜನೆ ಇರುವವರು ಕಿಂಡಿಗಳೆಲ್ಲ ಗಿಗಾಬಿಟ್ ಆಗಿರುವ ರೂಟರನ್ನೇ ಕೊಳ್ಳಬೇಕು. ನೂರರ ಕಿಂಡಿಯಲ್ಲಿ ಕೈಗೆ ಸಿಗುವುದು ಹೆಚ್ಚೆಂದರೆ 94ರಷ್ಟು. ಇಂದು ಕಡಿಮೆ ವೇಗದ ಯೋಜನೆ ಇದ್ದವರೂ ಗಿಗಾಬಿಟ್ ಕೊಂಡರೆ ನಾಳೆ ಬದಲಿಸಬೇಕಿಲ್ಲ. ಹೆಸರಿನ ಸಾಮ್ಯದಿಂದ ಮೋಸಹೋಗುವುದು ಇಲ್ಲಿ ಸುಲಭ: ಮೈಕ್ರೋಟಿಕ್ ಕಂಪನಿಯ ಹೆಕ್ಸ್ ಗಿಗಾಬಿಟ್ ಆದರೆ ಹೆಕ್ಸ್ ಲೈಟ್ ನೂರರದು. ಟಿಪಿ-ಲಿಂಕ್‌ನ ಇಆರ್605 ಗಿಗಾಬಿಟ್, ಅದೇ ಕಂಪನಿಯ ಹಳೆಯ ಆರ್470ಟಿ ಪ್ಲಸ್ ನೂರರದು. ಬೆಲೆ ಕಡಿಮೆಯೆಂದು ಅಂಗಡಿಯವರು ಮುಂದಿಡುವುದು ಹೆಚ್ಚಾಗಿ ಎರಡನೆಯದನ್ನೇ.

ಮನೆಗೆ ಸಾಲುವ ತಂತಿ ರೂಟರುಗಳಲ್ಲಿ ಮೂರನ್ನು ನಾವು ಹೆಸರಿಸಬಲ್ಲೆವು. ಮೂರರಲ್ಲೂ ಐದು ಗಿಗಾಬಿಟ್ ಕಿಂಡಿಗಳಿವೆ, ಮೂರಕ್ಕೂ ಪಿಪಿಪಿಒಇ ಮತ್ತು ವಿಲ್ಯಾನ್ ಗೊತ್ತು.

ಟಿಪಿ-ಲಿಂಕ್ ಇಆರ್605 ಹೊಂದಿಸಲು ಸುಲಭ. ತೆರೆಯ ಮೇಲಿನ ಪುಟದಲ್ಲಿ ಕೇಳಿದ ಕಡೆ ತುಂಬಿದರೆ ಮುಗಿಯಿತು. ಇದರ ಮುಖ್ಯ ಗುಣ ಒಂದಕ್ಕಿಂತ ಹೆಚ್ಚು ಸಂಪರ್ಕಗಳನ್ನು ಒಟ್ಟಿಗೆ ಹಿಡಿದುಕೊಳ್ಳುವುದು: ಫೈಬರ್ ಕಡಿದರೆ ಎರಡನೆಯ ಸಂಪರ್ಕಕ್ಕೆ ತಾನಾಗಿ ಹೊರಳುತ್ತದೆ. ಎರಡನೆಯ ಆವೃತ್ತಿಯಲ್ಲಿ ಹೊಂದುವ 4ಜಿ ಡಾಂಗಲನ್ನು ಯುಎಸ್‌ಬಿ ಕಿಂಡಿಗೆ ಹಾಕಿಯೂ ಈ ಕೆಲಸ ಮಾಡಿಸಬಹುದು. ಮರ ಬಿದ್ದು ಫೈಬರ್ ದಿನಗಟ್ಟಲೆ ನಿಲ್ಲುವ ಊರುಗಳಲ್ಲಿ, ಮನೆಯಿಂದಲೇ ಉದ್ಯೋಗ ಮಾಡುವವರಿಗೆ ಇದು ಸೂಕ್ತ.

ಮೈಕ್ರೋಟಿಕ್ ಹೆಕ್ಸ್ ಕಲಿಯುವವರ ರೂಟರ್. ಅದರೊಳಗಿನ ರೂಟರ್‌ಒಎಸ್ ತಂತ್ರಾಂಶದಲ್ಲಿ ದೊಡ್ಡ ಜಾಲಗಳನ್ನು ನಡೆಸುವವರಿಗೆ ಬೇಕಾದುದೆಲ್ಲ ಇದೆ. ಅದೇ ಕಾರಣಕ್ಕೆ ಮೊದಲ ಸಲ ತೆರೆದವರು ಕಂಗಾಲಾಗುವುದೂ ಇದೆ. ಕ್ವಿಕ್ ಸೆಟ್ ಎಂಬ ಪುಟದಿಂದ ಆರಂಭಿಸಿದರೆ ಹೆದರಬೇಕಿಲ್ಲ, ಆದರೆ ಮನೆಯಲ್ಲಿ ಆಸಕ್ತಿಯುಳ್ಳ ಒಬ್ಬರಾದರೂ ಇರಬೇಕು. ಇದರ ಆರ್‌ಬಿ750ಜಿಆರ್3 ಮಾದರಿ 8ರಿಂದ 30 ವೋಲ್ಟಿನವರೆಗೆ ಯಾವ ನೇರ ವಿದ್ಯುತ್ತಿನಲ್ಲೂ ನಡೆಯುತ್ತದೆ. ಸೌರಫಲಕದ 12 ವೋಲ್ಟ್ ಬ್ಯಾಟರಿ ಇರುವ ತೋಟದ ಮನೆಗೆ ಇದಕ್ಕಿಂತ ಅನುಕೂಲದ್ದು ಸಿಗದು.

ಯುಬಿಕ್ವಿಟಿಯ ಎಡ್ಜ್‌ರೂಟರ್ ಎಕ್ಸ್ ಹಳೆಯ ಮಾದರಿ. ಕೈಬದಲಾದ ಪೆಟ್ಟಿಗೆ ಅಗ್ಗಕ್ಕೆ ಸಿಕ್ಕಿದರೆ ತೆಗೆದುಕೊಳ್ಳಬಹುದು, ಹೊಸದಕ್ಕೆ ಪೂರ್ತಿ ಹಣ ಕೊಡುವಂತೆ ನಾವು ಹೇಳುವುದಿಲ್ಲ. ಅದರಲ್ಲಿ ಹಾರ್ಡ್‌ವೇರ್ ಆಫ್‌ಲೋಡ್ ಎಂಬ ಆಯ್ಕೆಯನ್ನು ನಾವೇ ಚಾಲೂ ಮಾಡಬೇಕು. ಮಾಡದಿದ್ದರೆ ಗಿಗಾಬಿಟ್ ವೇಗ ಅದರ ಪ್ರೊಸೆಸರಿಗೆ ಮೀರಿದ್ದು.

ಬಯಲುಸೀಮೆಯ ಓದುಗರಿಗೊಂದು ಮಾತು. ಇಆರ್605ಕ್ಕೆ ತಯಾರಕರು ಹೇಳುವ ಗರಿಷ್ಠ ಪರಿಸರ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್, ಹೆಕ್ಸ್‌ಗೆ 60. ಸೊಲ್ಲಾಪುರ, ಅಕ್ಕಲಕೋಟೆ, ಆದವಾನಿಗಳಲ್ಲಿ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಹೊರಗೇ 40 ದಾಟುತ್ತದೆ. ತಗಡಿನ ಛಾವಣಿಯ ಕೆಳಗಿನ ಮುಚ್ಚಿದ ಕಪಾಟಿನೊಳಗೆ ಎಷ್ಟಾಗುವುದೆಂದು ಊಹಿಸಬಹುದು. ಅಲ್ಲಿ ಪೆಟ್ಟಿಗೆಗೆ ಗಾಳಿಯಾಡುವ ಜಾಗ ಮೊದಲು, ಬ್ರಾಂಡ್ ಆಮೇಲೆ.

ಹೊಂದಿಸಿದ ಮೇಲೆ ಕೆಲವು ತಾಣಗಳು ತೆರೆದು ಇನ್ನು ಕೆಲವು ತೆರೆಯದೆ ಸತಾಯಿಸಿದರೆ ರೂಟರ್ ಕೆಟ್ಟಿತೆಂದು ಹಿಂತಿರುಗಿಸಬೇಡಿ. ಪಿಪಿಪಿಒಇ ತನ್ನ ತಲೆಬರಹಕ್ಕೆ 8 ಬೈಟ್ ಬಳಸಿಕೊಳ್ಳುವುದರಿಂದ ಎಂಟಿಯು ಎಂಬ ಅಳತೆ 1500ರ ಬದಲು 1492 ಆಗಿರಬೇಕು. ಆ ಒಂದು ಅಂಕಿಯನ್ನು ಸರಿಪಡಿಸಿದರೆ ಸಾಕಾಗುವುದೇ ಹೆಚ್ಚು.

ಸಿಡಿಲು, ಕರೆಂಟ್, ತಂತಿ

ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಹಾಗಿದ್ದೂ ಫೈಬರ್ ಬಂದ ಮೇಲೆ ಪೆಟ್ಟಿಗೆಗಳು ಸುಡುವುದು ನಿಂತಿಲ್ಲ, ಏಕೆಂದರೆ ಸಿಡಿಲಿಗೆ ಬೇರೆ ದಾರಿಗಳಿವೆ. ಮೊದಲನೆಯದು ವಿದ್ಯುತ್ ಮಾರ್ಗ. ಎರಡನೆಯದು ಮನೆಯೊಳಗಿನ ತಾಮ್ರದ ನೆಟ್‌ವರ್ಕ್ ತಂತಿ: ಅಂಗಳ ದಾಟಿ ಕೊಟ್ಟಿಗೆಗೋ ಗೇಟಿನ ಕ್ಯಾಮೆರಾಕ್ಕೋ ಹೋದ ತಂತಿಯಲ್ಲಿ, ಹತ್ತಿರ ಎಲ್ಲೋ ಸಿಡಿಲು ಬಿದ್ದರೂ ಸಾಕು, ಪೆಟ್ಟಿಗೆ ಕೆಡಿಸುವಷ್ಟು ವಿದ್ಯುತ್ ಹುಟ್ಟುತ್ತದೆ. ಮೂರನೆಯದನ್ನು ಯಾರೂ ಗಮನಿಸುವುದಿಲ್ಲ. ಕಂಬದಿಂದ ಮನೆಗೆ ಬರುವ ಫೈಬರ್ ತಂತಿಯಲ್ಲಿ ಆಧಾರಕ್ಕೆಂದು ಉಕ್ಕಿನ ಎಳೆ ಇರುವುದುಂಟು. ಅದನ್ನು ಮನೆಯ ಹೊರಗೋಡೆಯ ಕೊಕ್ಕೆಗೆ ಕಟ್ಟಿ ಅಲ್ಲಿಗೇ ಕತ್ತರಿಸಬೇಕು. ಒಎನ್‌ಟಿಯವರೆಗೆ ಒಳಗೆ ತರಬಾರದು. ಅಳವಡಿಸಲು ಬಂದವರ ಮುಂದೆ ನಿಂತು ಇದನ್ನು ಮಾಡಿಸಿ.

ಮನೆಯಿಂದ ಮತ್ತೊಂದು ಕಟ್ಟಡಕ್ಕೆ ಜಾಲ ಒಯ್ಯುವುದಿದ್ದರೆ ತಾಮ್ರದ ಬದಲು ಫೈಬರನ್ನೇ ಎಳೆಸಿ, ಎರಡು ತುದಿಗೂ ಮೀಡಿಯಾ ಕನ್ವರ್ಟರ್ ಹಾಕಿಸುವುದು ಒಳ್ಳೆಯದು. ಖರ್ಚು ಸ್ವಲ್ಪ ಹೆಚ್ಚು. ಎರಡು ಮಳೆಗಾಲಗಳಲ್ಲಿ ಎರಡು ರೂಟರ್ ಸುಟ್ಟುಕೊಂಡವರಿಗೆ ಈ ಲೆಕ್ಕ ವಿವರಿಸಬೇಕಾಗಿಲ್ಲ. ಸರ್ಜ್ ಪ್ರೊಟೆಕ್ಟರ್ ಕೊಂಡರೆ ಸಾಲದು, ಮನೆಯ ಅರ್ತಿಂಗ್ ಸರಿಯಿರಬೇಕು. ಬೇಸಗೆಯಲ್ಲಿ ಒಣಗಿ ಕಲ್ಲಾದ ನಮ್ಮ ಕೆಂಪುನೆಲದಲ್ಲಿ ಅದು ಸರಿಯಿರುವುದು ಕಷ್ಟ. ಎಲೆಕ್ಟ್ರಿಷಿಯನ್ನರಿಂದ ಅಳೆಸಿ ನೋಡಿ. ಯಾವ ರಕ್ಷಣೆಯೂ ನೇರ ಸಿಡಿಲನ್ನು ತಡೆಯದು. ಗುಡುಗು ಮಳೆ ಹತ್ತಿರ ಬರುವ ಮೊದಲೇ ಅಡಾಪ್ಟರನ್ನೂ ಹೊರಗಿನಿಂದ ಬಂದ ತಾಮ್ರದ ತಂತಿಯನ್ನೂ ಕಳಚಿಡುವುದೇ ಖಚಿತ ಉಪಾಯ. ಗಾಜಿನ ಫೈಬರನ್ನು ಮಾತ್ರ ಕಳಚಬೇಡಿ. ಅದರ ತುದಿಗೆ ಧೂಳು ತಗುಲಿದರೆ ಹೊಸ ತೊಂದರೆ.

ಕರೆಂಟ್ ಹೋದಾಗ ಸಂಪರ್ಕ ಉಳಿಯಬೇಕಾದರೆ 12 ವೋಲ್ಟಿನ ಚಿಕ್ಕ ಡಿಸಿ ಯುಪಿಎಸ್ ಸಾಕು. ಒಎನ್‌ಟಿ, ರೂಟರ್ ಎರಡಕ್ಕೂ ಅದರಿಂದಲೇ ಕೊಡುವುದಿದ್ದರೆ ಎರಡರ ಆಂಪಿಯರ್ ಕೂಡಿಸಿ ನೋಡಿ, ವೋಲ್ಟೇಜ್ ಎರಡಕ್ಕೂ ಒಂದೇ ಇದೆಯೇ ಎಂದೂ ನೋಡಿ. ರೂಟರಿಗೆ 9 ವೋಲ್ಟ್ ಸಾಕಾಗಿದ್ದರೆ 12 ಕೊಟ್ಟು ಸುಡಬಾರದು.

ತಂತಿ ಕ್ಯಾಟ್5ಇ ಅಥವಾ ಕ್ಯಾಟ್6 ಇರಲಿ, ಅಪ್ಪಟ ತಾಮ್ರದ್ದಿರಲಿ. ಅಗ್ಗದ ಸುರುಳಿಗಳಲ್ಲಿ ಅಲ್ಯುಮಿನಿಯಂ ಎಳೆಗೆ ತಾಮ್ರದ ಲೇಪನ ಮಾತ್ರ ಇರುತ್ತದೆ; ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ. ಗಿಗಾಬಿಟ್‌ಗೆ ಎಂಟೂ ಎಳೆಗಳು ಬೇಕು. ಒಂದು ಎಳೆ ಕಡಿದರೂ ವೇಗ ಸದ್ದಿಲ್ಲದೆ ನೂರಕ್ಕೆ ಇಳಿಯುತ್ತದೆ.

ಹಳೆಯ ವೈಫೈ ಪೆಟ್ಟಿಗೆ ಮತ್ತು ಕಾವಲು

ಮನೆಯಲ್ಲಿ ಹಳೆಯ ವೈಫೈ ರೂಟರ್ ಕೆಲಸಮಾಡುವ ಸ್ಥಿತಿಯಲ್ಲಿದ್ದರೆ ಎಸೆಯಬೇಡಿ. ಅದರ ಡಿಎಚ್‌ಸಿಪಿಯನ್ನು ನಿಲ್ಲಿಸಿ, ಹೊಸ ರೂಟರಿನದೇ ಸಾಲಿನ ಬಳಕೆಯಲ್ಲಿಲ್ಲದ ವಿಳಾಸವೊಂದನ್ನು ಕೊಟ್ಟು, ತಂತಿಯನ್ನು ವ್ಯಾನ್ ಕಿಂಡಿಗಲ್ಲದೆ ಲ್ಯಾನ್ ಕಿಂಡಿಗೆ ಚುಚ್ಚಿದರೆ ಅದು ಒಳಕೋಣೆಯ ವೈಫೈ ಕೇಂದ್ರವಾಗುತ್ತದೆ. ಹಾಗಾಗಿ ತಂತಿ ರೂಟರಿನ ದಾರಿ ದುಬಾರಿಯೆಂಬ ಮಾತು ಹಲವು ಮನೆಗಳಿಗೆ ಅನ್ವಯಿಸುವುದಿಲ್ಲ.

ರೂಟರ್ ಮನೆಯ ಹೊರಬಾಗಿಲೂ ಹೌದು. 2018ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ವಿಪಿಎನ್‌ಫಿಲ್ಟರ್ ಎಂಬ ದುಷ್ಟ ತಂತ್ರಾಂಶ 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ಉಪಕರಣಗಳನ್ನು ಹೊಕ್ಕಿತ್ತು. ಮೈಕ್ರೋಟಿಕ್, ಟಿಪಿ-ಲಿಂಕ್ ಎರಡೂ ಆ ಪಟ್ಟಿಯಲ್ಲಿದ್ದವು. ಅದೇ ವರ್ಷ ಮೈಕ್ರೋಟಿಕ್‌ನ ಇನ್ನೊಂದು ದೋಷಕ್ಕೆ ಏಪ್ರಿಲ್‌ನಲ್ಲೇ ತಿದ್ದುಪಡಿ ಬಂದಿದ್ದರೂ ಅದನ್ನು ಹಾಕಿಕೊಳ್ಳದ ಅಸಂಖ್ಯ ರೂಟರುಗಳು ಮುಂದಿನ ತಿಂಗಳುಗಳಲ್ಲಿ ಪರರ ಕೈವಶವಾದವು. ಆದುದರಿಂದ ಕೊಳ್ಳುವ ಮೊದಲು ಆ ಮಾದರಿಗೆ ಕಂಪನಿ ಇತ್ತೀಚೆಗೆ ಹೊಸ ತಂತ್ರಾಂಶ ಬಿಡುಗಡೆ ಮಾಡಿದೆಯೇ ಎಂದು ಅದರ ತಾಣದಲ್ಲಿ ನೋಡಬೇಕು. ಮೂರು ವರ್ಷಗಳಿಂದ ಏನೂ ಬಂದಿಲ್ಲವಾದರೆ ಬೆಲೆ ಎಷ್ಟೇ ಇಳಿದಿರಲಿ, ಬೇಡ. ತಂದ ದಿನವೇ ತಂತ್ರಾಂಶ ನವೀಕರಿಸಿ, ಆಡಳಿತದ ಗುಪ್ತಪದ ಬದಲಿಸಿ, ಹೊರಗಿನಿಂದ ನಿರ್ವಹಿಸುವ ಆಯ್ಕೆ ಮುಚ್ಚಿರುವುದನ್ನು ಖಚಿತಪಡಿಸಿಕೊಳ್ಳಿ. ಐಪಿವಿ6 ಬಳಸುವುದಿದ್ದರೆ ಅದಕ್ಕೂ ಫೈರ್‌ವಾಲ್ ಚಾಲೂ ಇದೆಯೇ ಎಂದು ಪ್ರತ್ಯೇಕವಾಗಿ ನೋಡಬೇಕು.

ಕೊನೆಗೆ ಬಿಲ್ಲಿನ ವಿಷಯ. ಕಾಸರಗೋಡಿನಲ್ಲಿ ಸಿಗದೆ ಮಂಗಳೂರಿನಿಂದಲೋ ಆನ್‌ಲೈನಿನಲ್ಲೋ ತರಿಸುವವರು ಜಿಎಸ್‌ಟಿ ಬಿಲ್ ಪಡೆದು, ಅದರಲ್ಲಿ ಪೆಟ್ಟಿಗೆಯ ಕ್ರಮಸಂಖ್ಯೆ ಬರೆಸಿಕೊಳ್ಳಬೇಕು. ವಾರಂಟಿಗೆ ಎಲ್ಲಿ ಒಪ್ಪಿಸಬೇಕೆಂದೂ ಆಗಲೇ ಕೇಳಿಡಿ. ಸಿಡಿಲಿನಿಂದಾದ ಹಾನಿ ಸಾಮಾನ್ಯವಾಗಿ ವಾರಂಟಿಯೊಳಗೆ ಬರುವುದಿಲ್ಲ.